ರಂಜಾನ್ ಹಗಲಿಗೆ ಇಪ್ಪತ್ತನಾಲ್ಕು ಬಿಸಿ ತಟ್ಟೆ

ಅಧ್ಯಾಯ ಹನ್ನೊಂದು

“ಇದನ್ನ ತಿನ್ನೋರು ಯಾರು ಹೇಳು, ನೋಡೋಣ,” ಎಂದರು ಉಮ್ ಖುಸೈ, ಹಿಟ್ಟು ಮೆತ್ತಿದ ಬೆರಳಲ್ಲೇ ಕಾಗದವನ್ನು ನನ್ನ ಮೂಗಿನ ಹತ್ತಿರ ಹಿಡಿದು. “ಬರೋ ರಂಜಾನ್ ತಿಂಗಳು. ಹಾಡಹಗಲು. ಬಿಸಿ ಊಟ. ದಿನಕ್ಕೆ ಇಪ್ಪತ್ತನಾಲ್ಕು ತಟ್ಟೆ, ಅದೂ ಪೈಲಟ್‌ಗಳಿಗೆ. ನನಗೆ ತಲೆ ಕೆಟ್ಟಿದೆಯೋ, ಮೇಲಿನ ಮಹಡಿಯೋರಿಗೆ ಕೆಟ್ಟಿದೆಯೋ?”

ನಾನು ತಕ್ಷಣ ಕಾಗದಕ್ಕೆ ಕೈ ಚಾಚಲಿಲ್ಲ. ಮೊದಲು ಬಾಗಿಲು ನೋಡಿದೆ. ಆಮೇಲೆ ಒಲೆಗಳ ಸಾಲಿನ ಆಚೆ ಬದನೆಕಾಯಿ ಹುರಿಯುತ್ತಿದ್ದ ಇಬ್ಬರು ಅಡುಗೆಯವರನ್ನು ನೋಡಿದೆ.

“ಯಾಕೆ ಹಾಗೆ ಕಳ್ಳಿ ಥರ ನೋಡ್ತೀಯ? ಅವರಿಗೆ ಒಲೆ ಸದ್ದು ಬಿಟ್ಟು ಬೇರೇನೂ ಕೇಳ್ಸಲ್ಲ. ನಿನ್ನ ಗಂಡ ನಿನ್ನನ್ನ ಹೇಗೆ ಸಹಿಸ್ಕೊಂಡಿದ್ದಾನೋ!”

“ನನಗೆ ಗಂಡ ಇಲ್ಲ, ಉಮ್ ಖುಸೈ.”

“ಅದಕ್ಕೇ!”

ಸನೋಬರ್ ಏರ್‌ನ ಅಡುಗೆಮನೆಯಲ್ಲಿ ಮೂವತ್ತು ವರ್ಷ ಸೌಟು ಹಿಡಿದ ಹೆಂಗಸು ಅವರು. ನಾನು ಅರೀಜ್, ಅದೇ ಕಂಪನಿಯಲ್ಲಿ ಯಾವ ವಿಮಾನಕ್ಕೆ ಎಷ್ಟು ಪೈಲಟ್ ಬೇಕು ಎಂದು ಲೆಕ್ಕ ಹಾಕುವವಳು. ಹೋದ ಗುರುವಾರ ‘ಆರು ಹೊಸ ವಿಮಾನಗಳು ಬರುವುದಿಲ್ಲ’ ಎಂದು ಯೋಜನೆ ತಿದ್ದಿದ ದಿನವೇ ನಲವತ್ತೆಂಟು ಎಳೆಯ ಪೈಲಟ್‌ಗಳ ನೇಮಕ ರದ್ದಾಗಿತ್ತು. ಆ ತಿದ್ದುಪಡಿ ಸುಳ್ಳು ಎಂದು ನನ್ನ ಮನಸ್ಸು ಏಳು ದಿನದಿಂದ ಹೇಳುತ್ತಿತ್ತು. ತೋರಿಸುವುದಕ್ಕೆ ಮಾತ್ರ ಒಂದು ಚೂರು ಕಾಗದವೂ ಇರಲಿಲ್ಲ.

ಈಗ ಕಾಗದ ನನ್ನ ಮೂಗಿನ ಹತ್ತಿರ ಇತ್ತು.

ಎರಡು ಸಲ ಓದಿದೆ. ಆಮೇಲೆ ಮೂರನೇ ಸಲ, ಬೆರಳಿಟ್ಟು.

ನಮ್ಮಲ್ಲಿ ಹಾರಾಟದ ದಿನ ಪೈಲಟ್ ಉಪವಾಸ ಇರುವಂತಿಲ್ಲ, ಅದು ಕಂಪನಿಯ ಕಟ್ಟಪ್ಪಣೆ. ಆದರೆ ವಿಮಾನದ ತುಂಬ ಉಪವಾಸದ ಜನ ಕೂತಿರುವಾಗ, ಬೆಂದ ಮಾಂಸದ ಪರಿಮಳ ಹೊರಡುವ ತಟ್ಟೆಯನ್ನು ಬಿಚ್ಚಲು ಯಾರಿಗೆ ಮನಸ್ಸು ಬರುತ್ತದೆ? ಹಾಗಾಗಿ ಆ ಒಂದು ತಿಂಗಳು ಹಗಲಲ್ಲಿ ಹಾರುವ ಪೈಲಟ್‌ಗಳಿಗೆ ಮುಚ್ಚಿದ ತಣ್ಣನೆಯ ಡಬ್ಬಿ ಹೋಗುತ್ತದೆ. ಚೀಸ್, ಸೌತೆಕಾಯಿ, ರೊಟ್ಟಿ, ನಾಲ್ಕು ಖರ್ಜೂರ. ಬಾಗಿಲು ಹಾಕಿಕೊಂಡು ತಿನ್ನುತ್ತಾರೆ. ಕ್ರೈಸ್ತ ಪೈಲಟ್‌ಗಳೂ ಅದನ್ನೇ ತಿನ್ನುತ್ತಾರೆ. ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ. ಯಾರೂ ಮೀರಿಯೂ ಇಲ್ಲ.

“ಹಿಂದೆ ಯಾರಾದರೂ ಬಿಸಿ ತಟ್ಟೆ ಕೇಳಿದ್ದಾರಾ?”

“ಒಂದೇ ಸಲ. ಎರಡು ವರ್ಷದ ಹಿಂದೆ ಪೈಲಟ್‌ಗಳ ಸಮೇತ ಒಂದು ವಿಮಾನ ಬಾಡಿಗೆಗೆ ತಂದಿದ್ರಲ್ಲ, ನೆನಪಿದೆಯಾ? ಹೊರದೇಶದ ಕ್ಯಾಪ್ಟನ್. ನಾನು ಕಳಿಸಿದ ಡಬ್ಬಿ ತೆಗೆದು ನೋಡಿ, ಬಿಸಿ ಊಟ ಬರೋವರೆಗೂ ಚಕ್ರ ಉರುಳಲ್ಲ ಅಂದ. ಒಪ್ಪಂದದಲ್ಲಿ ಬರೆದಿತ್ತಂತೆ. ಮೂರು ಗಂಟೆ ತಡ! ಮೇಲಿನೋರು ಬಂದು ನನ್ನ ಮೇಲೆ ಕೂಗಾಡಿದ್ರು. ನಾನೇನು ಅವನ ತಾಯಿನಾ?”

ಕಾಗದದಲ್ಲಿ ಆರು ಸಾಲುಗಳಿದ್ದವು. ‘ಹೊಸದು ಒಂದು’, ‘ಹೊಸದು ಎರಡು’, ಹೀಗೆ ಆರರವರೆಗೆ. ಪ್ರತಿ ಸಾಲಿಗೂ ದಿನಕ್ಕೆ ನಾಲ್ಕು ತಟ್ಟೆ. ಒಂದು ವಿಮಾನ, ದಿನಕ್ಕೆ ಎರಡು ಜೋಡಿ ಪೈಲಟ್, ನಾಲ್ಕು ಹೊಟ್ಟೆ. ಕೆಳಗೆ ವಿಮಾನ ಯೋಜನಾ ವಿಭಾಗದ ಮೊಹರು. ಸಹಿ ಇರಲಿಲ್ಲ. ತಾರೀಖು ಮಾತ್ರ ಇತ್ತು: ಭಾನುವಾರ.

ವಿಮಾನಗಳು ಬರುವುದಿಲ್ಲ ಎಂದು ಘೋಷಿಸಿ ಮೂರು ದಿನ ಕಳೆದ ಮೇಲೆ ಯಾರೋ ಆ ವಿಮಾನಗಳಿಗೆ ಊಟ ಹೇಳಿದ್ದರು.

ಹಿಟ್ಟಿನ ಮೂಟೆಯ ಮೇಲೆ ಕೂತುಬಿಟ್ಟೆ.

“ಏನಾಯ್ತೇ? ಮುಖ ಬಿಳುಚಿಕೊಂಡಿದೆ. ಬೆಳಿಗ್ಗೆ ಏನಾದರೂ ತಿಂದಿದ್ದೀಯಾ?”

“ವಿಮಾನಗಳು ಬರ್ತಿವೆ ಉಮ್ ಖುಸೈ. ಆರೂ ಬರ್ತಿವೆ. ನಮ್ಮ ಮಕ್ಕಳು ಅದರಲ್ಲಿ ಕೂರಬಾರದು ಅಂತ ಯಾರೋ ತೀರ್ಮಾನ ಮಾಡಿದ್ದಾರೆ.”

ಅವರು ಸೌಟನ್ನು ಕೆಳಗಿಟ್ಟರು. ಮೊದಲ ಸಲ ಅವರ ಮುಖದಲ್ಲಿ ತಮಾಷೆ ಇರಲಿಲ್ಲ. “ನಾನೇನು ಮಾಡ್ಬೇಕು ಹೇಳು.”

ತಿದ್ದಿದ ಯೋಜನೆಗೆ ಸಹಿ ಹಾಕಿದವರು ಮೂವರು. ಯೋಜನಾ ವಿಭಾಗದ ಮುಖ್ಯಸ್ಥ ನಿದಾಲ್. ನೇಮಕಾತಿಯ ಸುಹೈರ್. ಮುಖ್ಯ ಪೈಲಟ್ ಕ್ಯಾಪ್ಟನ್ ಫವ್ವಾಝ್. ರದ್ದು ಪತ್ರಗಳನ್ನು ಕಳಿಸುವಾಗ ಸುಹೈರ್ ಅತ್ತಿದ್ದರು. ಕ್ಯಾಪ್ಟನ್ ಫವ್ವಾಝ್ ಮೇಜು ಗುದ್ದಿ ಜಗಳವಾಡಿ, ಕೊನೆಗೆ ತಲೆ ತಗ್ಗಿಸಿ ಸಹಿ ಹಾಕಿದ್ದರು. ನಿದಾಲ್ ಅತ್ತಿರಲಿಲ್ಲ, ಗುದ್ದಿರಲಿಲ್ಲ. ಆದರೆ ಅಳು ನೋಡಿ ಯಾರನ್ನೂ ಬಿಡಬಾರದು, ಮೌನ ನೋಡಿ ಯಾರನ್ನೂ ಹಿಡಿಯಬಾರದು.

“ಮೂವರಿಗೂ ಒಂದೇ ಸಂದೇಶ ಕಳಿಸಿ,” ಎಂದೆ. “ಸರಿಯಾಗಿ ಹನ್ನೊಂದೂವರೆಗೆ. ‘ರಂಜಾನ್ ಹಗಲಿನ ಬಿಸಿ ತಟ್ಟೆ ಬೇಡಿಕೆ ರದ್ದು ಮಾಡುತ್ತಿದ್ದೇನೆ’ ಅಂತ. ಅಷ್ಟೇ. ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಮ್ಮಿ ಇಲ್ಲ.”

“ಆಮೇಲೆ?”

“ಯಾರು ಬೇಡ ಅಂತಾರೋ, ಅವರ ಉತ್ತರ ತಗೊಂಡು ಮೇಲೆ ಮಹಾನಿರ್ದೇಶಕರ ಕೋಣೆಗೆ ಬನ್ನಿ.”

“ಹೀಗೇ ಬರ್ಲಾ? ಕೈಯೆಲ್ಲ ಬೆಳ್ಳುಳ್ಳಿ ವಾಸನೆ.”

“ಹಾಗೇ ಬನ್ನಿ.”

*

ಕಚೇರಿಯ ಅಂಗಳದಲ್ಲಿ ಅವರೆಲ್ಲ ನಿಂತಿದ್ದರು. ಯಾರೂ ಕರೆದಿರಲಿಲ್ಲ, ಆದರೂ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಬಿಸಿಲಲ್ಲಿ ಅಷ್ಟೊಂದು ಬಿಳಿ ಅಂಗಿಗಳನ್ನು ನೋಡಿ ನನ್ನ ಕಣ್ಣು ಕೋರೈಸಿತು. ಅಭ್ಯಾಸ ಬಲ, ಎಣಿಸಿದೆ. ನಲವತ್ತೇಳು. ಮತ್ತೆ ಎಣಿಸುವಷ್ಟರಲ್ಲಿ ಲಮೀಸ್ ಗೇಟಿನ ಹೊರಗಿಂದ ಎಳ್ಳಿನ ಬನ್ನುಗಳ ಚೀಲ ಹಿಡಿದು ಓಡಿಬಂದಳು.

ಲಮೀಸ್ ನನ್ನ ಅಕ್ಕನ ಮಗಳು. ನನ್ನನ್ನು ಖಾಲ್ತೋ, ಚಿಕ್ಕಮ್ಮಾ, ಅನ್ನುತ್ತಾಳೆ.

“ಖಾಲ್ತೋ, ತಿನ್ನು. ನೀನು ತಿಂದಿರಲ್ಲ ಅಂತ ಅಮ್ಮ ಫೋನ್ ಮಾಡಿದ್ಲು.”

“ಆಮೇಲೆ.”

“ಏನಾದರೂ ಸಿಕ್ತಾ?”

ಒಂದು ಬನ್ನು ತೆಗೆದು ಕೈಚೀಲಕ್ಕೆ ಹಾಕಿಕೊಂಡೆ. ಬಾಯಿ ಬಿಟ್ಟರೆ ಭರವಸೆ ಕೊಟ್ಟಂತಾಗುತ್ತದೆ.

“ಸಿಗದೇ ಇದ್ರೂ ಪರವಾಗಿಲ್ಲ,” ಎಂದ ಹಿಂದೆ ನಿಂತಿದ್ದ ಸಿನಾನ್ ಎಂಬ ಉದ್ದನೆಯ ಹುಡುಗ. “ನಮ್ಮ ಮಾವಂದು ಗ್ಯಾಸ್ ಗಾಡಿ ಇದೆ. ಹಾಡು ಹಾಕ್ಕೊಂಡು ಬೀದಿ ಬೀದಿ ಸುತ್ತೋದು. ‘ಪ್ರಯಾಣಿಕರ ಗಮನಕ್ಕೆ, ಸಿಲಿಂಡರ್ ಈಗ ಮೂರನೇ ಮಹಡಿಗೆ ಏರುತ್ತಿದೆ’ ಅಂತ ಮೈಕಲ್ಲಿ ಹೇಳ್ತೀನಿ.”

ಎಲ್ಲರೂ ನಕ್ಕರು, ಸ್ವಲ್ಪ ಜಾಸ್ತಿಯೇ ನಕ್ಕರು.

ಹುಡುಗರ ನಡುವಿನಿಂದ ಕ್ಯಾಪ್ಟನ್ ಫವ್ವಾಝ್ ಬಂದರು. ನರೆತ ಮೀಸೆ, ಅಗಲ ಭುಜ. ಅವರ ಕೈ ಯಾರಾದರೊಬ್ಬ ಹುಡುಗನ ಹೆಗಲ ಮೇಲೆ ಇದ್ದೇ ಇರುತ್ತದೆ. “ಮಕ್ಕಳೇ, ನಿಮ್ಮ ಮುಖ್ಯ ಪೈಲಟ್ ಬದುಕಿರೋವರೆಗೂ ಯಾರೂ ಗ್ಯಾಸ್ ಗಾಡಿ ಓಡಿಸಲ್ಲ,” ಎಂದು, ನನ್ನ ಕಡೆ ತಿರುಗಿ ದನಿ ತಗ್ಗಿಸಿದರು. “ತಂಗೀ, ಎರಡು ಗಂಟೆವರೆಗೆ ಸಮಯ ಇದೆ. ಅಷ್ಟೇ.”

ಗೊತ್ತಿತ್ತು. ಪೈಲಟ್‌ನನ್ನು ಬೆಳಿಗ್ಗೆ ನೇಮಿಸಿ ಮಧ್ಯಾಹ್ನ ಹಾರಿಸಲು ಬರುವುದಿಲ್ಲ. ಹೊಸ ಬಗೆಯ ವಿಮಾನವಾದರೆ ಸಿಮ್ಯುಲೇಟರ್‌ನಲ್ಲಿ, ನೆಲದ ಮೇಲೆ ನಿಂತೇ ಹಾರಾಟ ಕಲಿಸುವ ಆ ಯಂತ್ರದಲ್ಲಿ, ಎರಡು ತಿಂಗಳು ಪಳಗಬೇಕು. ನಮಗೆ ಬೇಕಾದ ಬಗೆಯದು ಇಡೀ ಅಮ್ಮಾನ್‌ನಲ್ಲಿ ಒಂದೇ ತರಬೇತಿ ಕೇಂದ್ರದಲ್ಲಿತ್ತು. ಅಲ್ಲಿ ನಾವು ಕಾದಿರಿಸಿದ ಗಂಟೆಗಳನ್ನು ಇವತ್ತು, ಗುರುವಾರ, ಮಧ್ಯಾಹ್ನ ಎರಡರೊಳಗೆ ಖಚಿತಪಡಿಸಬೇಕು. ಇಲ್ಲದಿದ್ದರೆ ಸಾಲಿನಲ್ಲಿ ಕಾಯುತ್ತಿರುವ ಇನ್ನೊಂದು ಕಂಪನಿಗೆ ಹೋಗುತ್ತವೆ. ಆಮೇಲೆ ಬೇಸಿಗೆಯವರೆಗೆ ಒಂದು ಗಂಟೆಯೂ ಸಿಗುವುದಿಲ್ಲ.

ಗಂಟೆಗಳು ಹೋದರೆ ನಲವತ್ತೆಂಟು ಜನವೂ ಹೋದಂತೆಯೇ.

“ಬನ್ನಿ ಕ್ಯಾಪ್ಟನ್,” ಎಂದೆ. “ಮೇಲೆ ಹೋಗೋಣ. ಸಭೆ ಕರೆಸಿದ್ದೀನಿ.”

*

ಬಾಶಾ ಅಂದರೆ ನಮ್ಮ ಮಹಾನಿರ್ದೇಶಕರು, ವಾಯುಪಡೆಯಿಂದ ನಿವೃತ್ತರಾದವರು. ಹೆಸರು ಹಿಡಿದು ಕರೆಯುವ ಧೈರ್ಯ ಯಾರಿಗೂ ಇಲ್ಲ. ಅವರ ಮೇಜಿನ ಈಚೆ ನಿದಾಲ್ ಆಗಲೇ ಕೂತಿದ್ದರು. ಸಪ್ಪಳವಿಲ್ಲದ ಮನುಷ್ಯ. ಚಹಾದ ಲೋಟವನ್ನೂ ಸಪ್ಪಳವಿಲ್ಲದೆ ಇಡುತ್ತಾರೆ.

“ಸಿತ್ ಅರೀಜ್ ಅವರಿಗೆ ಬೇಸರವಾಗಿದೆ, ನನಗೂ ಅರ್ಥವಾಗುತ್ತೆ,” ಎಂದು ಶುರು ಮಾಡಿದರು. “ಆದರೆ ಬಾಶಾ, ವಿಮಾನ ಕೊಡೋ ಕಂಪನಿ ಎರಡು ವರ್ಷ ಮುಂದಕ್ಕೆ ಹಾಕಿದೆ. ಗಾಡಿ ಇಲ್ಲದೋನು ಡ್ರೈವರ್‌ನ ಇಟ್ಕೊಂಡು ಏನು ಮಾಡ್ತಾನೆ?”

“ಒಂದು ವಿಮಾನಕ್ಕೆ ಎಂಟು ಜನ ಬೇಕು,” ಎಂದೆ. ನನ್ನ ದನಿ ಸಣ್ಣಗೆ ಬಂತು. “ಪಾಳಿ, ರಜೆ, ಕಾಯಿಲೆ, ಪರೀಕ್ಷೆ ಎಲ್ಲ ಸೇರಿ ಎಂಟು. ನಮ್ಮ ಹಳೇ ಸಹಪೈಲಟ್‌ಗಳು ಇಪ್ಪತ್ತನಾಲ್ಕು ಜನ ಕ್ಯಾಪ್ಟನ್ ಸೀಟಿಗೆ ಏರ್ತಾರೆ. ಅವರು ಬಿಟ್ಟ ಜಾಗ, ಹೊಸ ವಿಮಾನಗಳ ಸಹಪೈಲಟ್ ಜಾಗ, ಎರಡೂ ಸೇರಿ ನಲವತ್ತೆಂಟು.”

“ಲೆಕ್ಕ ಬಹಳ ಚೆನ್ನಾಗಿದೆ. ಆರು ವಿಮಾನ ಸೊನ್ನೆ ಆದ್ಮೇಲೆ ಆ ಎಂಟನ್ನ ಯಾತರಿಂದ ಗುಣಿಸ್ತೀರಿ?”

ಬಾಶಾ ಜಪಮಣಿ ಎಣಿಸುತ್ತ ನನ್ನತ್ತ ನೋಡಿದರು. “ಹೇಳಮ್ಮಾ.”

ನಾನು ಗೋಡೆ ಗಡಿಯಾರ ನೋಡಿದೆ. ಹನ್ನೊಂದು ಇಪ್ಪತ್ತೊಂಬತ್ತು.

“ಒಂದು ನಿಮಿಷ, ಬಾಶಾ. ಕನ್ನಡಕ ಹುಡುಕ್ತಿದ್ದೀನಿ.”

ಕನ್ನಡಕ ನನ್ನ ಮೂಗಿನ ಮೇಲೇ ಇತ್ತು. ಬಾಶಾ ಹುಬ್ಬೇರಿಸಿದರು. ನಾನು ಕೈಚೀಲದಲ್ಲಿ ಕೈಯಾಡಿಸುತ್ತಲೇ ಇದ್ದೆ.

ನಿದಾಲ್ ಅವರ ಜೇಬಿನಲ್ಲಿ ಫೋನ್ ಗುರುಗುಟ್ಟಿತು. ಮರುಕ್ಷಣ ನನ್ನ ಪಕ್ಕದಲ್ಲಿ ಕೂತಿದ್ದ ಕ್ಯಾಪ್ಟನ್ ಫವ್ವಾಝ್ ಅವರದೂ. ಕ್ಯಾಪ್ಟನ್ ಒಮ್ಮೆ ನೋಡಿ ಫೋನನ್ನು ಮಗುಚಿ ಮೇಜಿನ ಮೇಲಿಟ್ಟರು. ನಿದಾಲ್ ಮೇಜಿನ ಕೆಳಗೆ ಹಿಡಿದುಕೊಂಡರು. ಅವರ ಮೊಣಕೈ ಅಲುಗಾಡಿದ್ದು ಕಂಡಿತು. ಬರೆಯುತ್ತಿದ್ದರು.

ನಾನು ಉಸಿರು ಬಿಟ್ಟು ಕಾಗದವನ್ನು ಮೇಜಿನ ನಡುವೆ ಇಟ್ಟೆ.

“ಇದು ಭಾನುವಾರ ಅಡುಗೆಮನೆಗೆ ಬಂದಿದ್ದು, ಬಾಶಾ. ಬರೋದೇ ಇಲ್ಲ ಅಂದ ಆರು ವಿಮಾನದ ಪೈಲಟ್‌ಗಳಿಗೆ, ಬರೋ ರಂಜಾನ್‌ನಲ್ಲಿ ಊಟ.”

ಬಾಶಾ ಓದಿದರು. ಮಣಿಗಳ ಸದ್ದು ನಿಂತಿತು.

“ನಾನು ಈ ಕಾಗದ ನೋಡೇ ಇಲ್ಲ,” ಎಂದರು ನಿದಾಲ್ ತಕ್ಷಣ. “ಮೊಹರು ಡ್ರಾಯರ್‌ನಲ್ಲಿರುತ್ತೆ, ಬೀಗ ಹಾಕಲ್ಲ. ಯಾರೋ ಗುಮಾಸ್ತ ಹಳೇ ಯೋಜನೆ ನೋಡ್ಕೊಂಡು ಕಳಿಸಿದ್ದಾನೆ. ಇಷ್ಟಕ್ಕೆ ಸಭೆ ಕರೀಬೇಕಿತ್ತಾ?”

“ಹಳೇ ಯೋಜನೆಯಲ್ಲಿ ಪೈಲಟ್‌ಗಳು ನಮ್ಮೋರು,” ಎಂದೆ. “ನಮ್ಮೋರಿಗೆ ರಂಜಾನ್ ಹಗಲಲ್ಲಿ ಡಬ್ಬಿ ಹೋಗುತ್ತೆ. ಹಳೇ ಯೋಜನೆ ನೋಡಿ ಬರೆದೋನು ಡಬ್ಬಿ ಅಂತ ಬರೀತಿದ್ದ. ಇಲ್ಲಿ ಬಿಸಿ ತಟ್ಟೆ ಅಂತಿದೆ. ನಮ್ಮಲ್ಲಿ ಹಗಲಲ್ಲಿ ಬಿಸಿ ತಟ್ಟೆ ಬಿಚ್ಚೋ ಪೈಲಟ್ ಯಾರಿದ್ದಾರೆ, ಬಾಶಾ? ನೀವೇ ಹೇಳಿ.”

ಬಾಶಾ ಕುರ್ಚಿಯಲ್ಲಿ ನೆಟ್ಟಗಾದರು. ಮೂವತ್ತು ರಂಜಾನ್ ಅವರೇ ಆಕಾಶದಲ್ಲಿ ಕಳೆದಿದ್ದರು. ವಿವರಿಸುವ ಅಗತ್ಯ ಬೀಳಲಿಲ್ಲ.

ನಿದಾಲ್ ಮೊದಲ ಸಲ ಲೋಟವನ್ನು ಸದ್ದು ಮಾಡಿ ಇಟ್ಟರು.

“ಒಂದು ವಿಷಯ ಕೇಳ್ತೀನಿ, ಬೇಜಾರಾಗಬೇಡಿ ಸಿತ್ ಅರೀಜ್. ಆ ನಲವತ್ತೆಂಟರಲ್ಲಿ ಹನ್ನೊಂದನೇ ಹೆಸರು ಯಾರದು?”

ಬಾಶಾ ಕಾಗದದಿಂದ ತಲೆ ಎತ್ತಿದರು.

“ಲಮೀಸ್,” ಎಂದೆ.

“ನಿಮಗೇನಾಗಬೇಕು?”

“ನನ್ನ ಅಕ್ಕನ ಮಗಳು.”

“ಹಾಂ,” ಎಂದರು ನಿದಾಲ್. ಬೆನ್ನು ಕುರ್ಚಿಗೆ ಒರಗಿತು. “ಬಾಶಾ, ಇನ್ನು ನಾನು ಹೇಳೋದೇನಿದೆ? ಮನೆಯ ಹುಡುಗಿಗೆ ಸೀಟು ಹೋಯ್ತು ಅಂತ ಇಡೀ ಕಂಪನೀನ ಅಡುಗೆಮನೆಗೆ ಎಳೀತಿದ್ದಾರೆ.”

ಬೆಳಿಗ್ಗೆಯಿಂದ ಇದ್ದ ನನ್ನ ಅಳುಕು ಆಗ ಹೋಯಿತು. ಯಾಕೆಂದು ಗೊತ್ತಿಲ್ಲ. ಇಪ್ಪತ್ತು ವರ್ಷ ಎಲ್ಲರೂ ನನ್ನನ್ನು ಅಂಜುಬುರುಕಿ ಎಂದು ನಕ್ಕಿದ್ದಾರೆ. ಗ್ಯಾಸ್ ಆರಿಸಿದ್ದೀನಾ ಎಂದು ಅರ್ಧ ದಾರಿಯಿಂದ ವಾಪಸ್ ಹೋಗುವವಳು, ಪ್ರತಿ ಕಾಗದಕ್ಕೂ ನಕಲು ಇಡುವವಳು. ಕೈಚೀಲದಿಂದ ಇನ್ನೊಂದು ಹಾಳೆ ತೆಗೆದು ಬಾಶಾ ಮುಂದೆ ಇಟ್ಟೆ.

“ಲಮೀಸ್ ಅರ್ಜಿ ಹಾಕಿದ ದಿನವೇ ನಾನು ಕೊಟ್ಟ ಪತ್ರ. ಇವಳು ನನ್ನ ಅಕ್ಕನ ಮಗಳು, ಇವಳ ಆಯ್ಕೆಯಲ್ಲಿ ನಾನು ಕೂರಲ್ಲ, ಅಂಕ ನೋಡಲ್ಲ, ಕೇಳಲ್ಲ ಅಂತ. ಸ್ವೀಕರಿಸಿದೋರು ಮೊಹರು ಹಾಕಿದ್ದಾರೆ.”

ಬಾಶಾ ಮೊಹರು ನೋಡಿದರು. ಆಮೇಲೆ ನಿದಾಲ್ ಅವರನ್ನು ನೋಡಿದರು. “ಇದು ನಿನ್ನ ವಿಭಾಗದ ಮೊಹರೇ ಅಲ್ವೇನಯ್ಯಾ? ಸಹಿಯೂ ನಿಂದೇ.”

ನಿದಾಲ್ ಬಾಯಿ ತೆರೆದರು. ಅಷ್ಟರಲ್ಲಿ ಬಾಗಿಲು ತೆರೆಯಿತು.

ಉಮ್ ಖುಸೈ ಏಪ್ರನ್ ಬಿಚ್ಚದೆಯೇ ಬಂದಿದ್ದರು. ಹಿಂದೆ ಬಾಶಾ ಅವರ ಕಾರ್ಯದರ್ಶಿ ತಡೆಯಲಾಗದೆ ನಿಂತಿದ್ದ.

“ಕ್ಷಮಿಸಬೇಕು ಬಾಶಾ, ಬೆಳ್ಳುಳ್ಳಿ ವಾಸನೆ. ಆದರೆ ನನಗೊಂದು ಅಪ್ಪಣೆ ಬೇಕು. ತಟ್ಟೆ ರದ್ದು ಮಾಡ್ತೀನಿ ಅಂತ ಮೂವರಿಗೆ ಬರೆದೆ. ಸುಹೈರ್ ‘ಯಾವ ತಟ್ಟೆ?’ ಅಂತ ಕೇಳಿದ್ದಾರೆ. ಕ್ಯಾಪ್ಟನ್ ಸಾಹೇಬ್ರು ಉತ್ತರ ಬರೆದಿಲ್ಲ. ಉಸ್ತಾದ್ ನಿದಾಲ್ ಮಾತ್ರ ಒಂದೇ ನಿಮಿಷದಲ್ಲಿ ಬರೆದಿದ್ದಾರೆ. ಓದ್ಲಾ?”

“ಓದು.”

ಅವರು ಫೋನನ್ನು ಮುಖದಿಂದ ದೂರ ಹಿಡಿದು, ಕಣ್ಣು ಕಿರಿದು ಮಾಡಿ, ಮದುವೆ ಆಮಂತ್ರಣ ಓದುವ ಹಾಗೆ ಗಟ್ಟಿಯಾಗಿ ಓದಿದರು.

“‘ಯಾವ ಕಾರಣಕ್ಕೂ ರದ್ದು ಮಾಡಬೇಡಿ. ಆ ಪೈಲಟ್‌ಗಳ ಒಪ್ಪಂದದಲ್ಲೇ ಬಿಸಿ ಊಟ ಇದೆ. ಹೋದ ಸಲದ ರಗಳೆ ಮತ್ತೆ ಬೇಡ.’”

ಬಾಶಾ ಜಪಮಣಿಯನ್ನು ಮೇಜಿನ ಮೇಲಿಟ್ಟರು.

“ಯಾವ ಪೈಲಟ್‌ಗಳು, ನಿದಾಲ್?” ಎಂದರು ಬಾಶಾ.

ನಿದಾಲ್ ಚಹಾದ ಲೋಟವನ್ನು ದೂರ ಸರಿಸಿದರು.

“ಕೇಳಿದ್ದು ಕೇಳಿಸ್ತಾ? ಯಾವ ಪೈಲಟ್‌ಗಳು?”

“ಎಲ್ಲಾ ಕಂಪನಿಗಳೂ ತರ್ತವೆ,” ಎಂದರು ನಿದಾಲ್. ಅವರ ದನಿ ಇದ್ದಕ್ಕಿದ್ದಂತೆ ಹುಡುಗನ ದನಿಯ ಹಾಗೆ ತೆಳುವಾಗಿತ್ತು. “ವಿಮಾನದ ಜೊತೆ ಪಳಗಿದ ಪೈಲಟ್‌ಗಳು. ತರಬೇತಿ ತಲೆನೋವಿಲ್ಲ.”

“ಹಾಗಾದ್ರೆ ನನ್ನ ಮುಂದೆ ನೇರವಾಗಿ ಹೇಳಬೇಕಿತ್ತು.”

ಉಳಿದದ್ದನ್ನು ನಾನೇ ಹೇಳಿದೆ, ಮೆತ್ತಗೆ. “ಹೇಳಿದ್ರೆ ನೀವು ಒಪ್ತಿರಲಿಲ್ಲ, ಬಾಶಾ. ಅದಕ್ಕೇ ಮೊದಲು ವಿಮಾನ ಬರಲ್ಲ ಅನ್ನೋದು. ನಮ್ಮ ಮಕ್ಕಳನ್ನ ಮನೆಗೆ ಕಳಿಸೋದು. ಸಿಮ್ಯುಲೇಟರ್ ಗಂಟೆಗಳು ಕೈ ಬಿಟ್ಟು ಹೋಗೋದನ್ನ ಕಾಯೋದು. ಆಮೇಲೆ ಜನವರಿಯಲ್ಲಿ, ವಿಮಾನ ಬಂದುಬಿಟ್ವು, ನಮ್ಮಲ್ಲಿ ತರಬೇತಿ ಆದೋರು ಯಾರೂ ಇಲ್ಲ, ಇನ್ನೇನು ಮಾಡೋದು, ಅವರ ಪೈಲಟ್‌ಗಳನ್ನೇ ಕೂರಿಸೋಣ ಅನ್ನೋದು. ಆಗ ನೀವೇ ಸಹಿ ಹಾಕ್ತಿದ್ರಿ. ಬೇರೆ ದಾರಿನೇ ಇರ್ತಿರಲಿಲ್ಲ.”

“ಆ ಪೈಲಟ್‌ಗಳನ್ನ ಒದಗಿಸೋ ಏಜೆನ್ಸಿ ಯಾರದು?” ಎಂದು ಗುಡುಗಿದರು ಕ್ಯಾಪ್ಟನ್ ಫವ್ವಾಝ್. ಅವರು ಎದ್ದು ನಿಂತಿದ್ದರು. “ಹೇಳ್ರೀ! ಆ ಮಕ್ಕಳ ಮುಖ ನೋಡಿದ್ದೀರಾ ನೀವು?”

ನಿದಾಲ್ ಅವರತ್ತ ಒಮ್ಮೆ ನೋಡಿ ಕಣ್ಣು ತಗ್ಗಿಸಿದರು.

“ಇಲ್ಲಿ ಬೇಡ,” ಎಂದರು ಬಾಶಾ. “ಸಚಿವಾಲಯದಲ್ಲಿ ಹೇಳ್ತಾನೆ. ನಾನೇ ಕರ್ಕೊಂಡು ಹೋಗ್ತೀನಿ.”

ಆಮೇಲೆ ಅವರು ಟೈಪ್ ಮಾಡಿಸಲೂ ಕಾಯಲಿಲ್ಲ. ತಮ್ಮದೇ ಕೈಬರಹದಲ್ಲಿ ಬರೆದರು: ತಿದ್ದುಪಡಿ ರದ್ದು, ಆರು ವಿಮಾನಗಳ ಯೋಜನೆ ಮೊದಲಿನಂತೆಯೇ, ನಲವತ್ತೆಂಟು ನೇಮಕಗಳೂ ಊರ್ಜಿತ. ಸಹಿ ಹಾಕಿ, ಮೊಹರು ಒತ್ತಿ, ಹಾಳೆಯನ್ನು ಎರಡೂ ಕೈಯಲ್ಲಿ ನನಗೆ ಕೊಟ್ಟರು.

“ಇಪ್ಪತ್ತು ವರ್ಷ ನೀನು ತಂದ ಕಾಗದ ಓದದೇನೇ ಸಹಿ ಹಾಕ್ತಿದ್ದೆ, ಯಾಕೆ ಗೊತ್ತಾ? ನೀನು ನಾಲ್ಕು ಸಲ ಓದಿರ್ತೀಯ ಅಂತ.”

“ಆರು ಸಲ, ಬಾಶಾ,” ಎಂದರು ಉಮ್ ಖುಸೈ. “ಇವಳು ಉಪ್ಪಿನ ಡಬ್ಬಿ ಮೇಲಿನ ಚೀಟೀನೂ ಓದ್ತಾಳೆ.”

*

ಸಚಿವಾಲಯಕ್ಕೆ ಫೋನ್ ಮಾಡಿ, ಅಲ್ಲಿಂದ ಉತ್ತರ ಬಂದು, ಬಾಶಾ ಕಾರು ಗೇಟು ದಾಟುವಷ್ಟರಲ್ಲಿ ಒಂದೂಕಾಲು. ನಿದಾಲ್ ಹಿಂದಿನ ಸೀಟಿನಲ್ಲಿ ತಲೆ ಬಗ್ಗಿಸಿ ಕೂತಿದ್ದರು.

“ಪತ್ರ ಕೊಡು ತಂಗೀ, ಮಕ್ಕಳಿಗೆ ನಾನೇ ಓದಿ ಹೇಳ್ತೀನಿ,” ಎಂದರು ಕ್ಯಾಪ್ಟನ್ ಫವ್ವಾಝ್.

“ಮೊದಲು ತರಬೇತಿ ಕೇಂದ್ರಕ್ಕೆ ಕಳಿಸಿಬಿಡ್ತೀನಿ. ಆಮೇಲೆ ಕೊಡ್ತೀನಿ.”

ಅವರು ನಕ್ಕರು. “ನೀನು ಬದಲಾಗಲ್ಲ ಬಿಡು.”

ಪತ್ರವನ್ನು ಸ್ಕ್ಯಾನ್ ಮಾಡಿದೆ. ಮೂಲೆ ಮಡಚಿದಂತೆ ಕಂಡಿತು, ಮತ್ತೆ ಸ್ಕ್ಯಾನ್ ಮಾಡಿದೆ. ನಲವತ್ತೆಂಟು ಹೆಸರುಗಳ ಪಟ್ಟಿ ಸೇರಿಸಿ, ಮೇಲಿನಿಂದ ಕೆಳಗೆ ಒಮ್ಮೆ, ಕೆಳಗಿನಿಂದ ಮೇಲೆ ಒಮ್ಮೆ ನೋಡಿ, ಒಂದು ಮೂವತ್ತೊಂದಕ್ಕೆ ಕಳಿಸಿದೆ. ಆಮೇಲೆ ಮೂಲ ಪತ್ರವನ್ನು ಕ್ಯಾಪ್ಟನ್ ಕೈಗೆ ಕೊಟ್ಟೆ. ಅವರು ಮೆಟ್ಟಿಲನ್ನು ಎರಡೆರಡಾಗಿ ಇಳಿದು ಹೋದರು.

ಮೂರನೇ ಮಹಡಿಯ ಕಿಟಕಿ ತೆರೆದಿತ್ತು. ಮೊದಲು ಕ್ಯಾಪ್ಟನ್ ದನಿ ಕೇಳಿಸಿತು, ಪದಗಳು ಗೊತ್ತಾಗಲಿಲ್ಲ.

ಆಮೇಲೆ ಅಂಗಳ ಸಿಡಿಯಿತು.

ಕಸ ಗುಡಿಸುವ ಹೆಂಗಸರು ಪೊರಕೆ ಬಿಸಾಕಿ ನಾಲಿಗೆ ಕುಣಿಸಿ ಮದುವೆಮನೆಯ ಕೇಕೆ ಹಾಕಿದರು. ಯಾರದೋ ಕಾರಿನ ಹಾರ್ನ್ ಮೊಳಗತೊಡಗಿತು, ನಿಲ್ಲಲೇ ಇಲ್ಲ. ಹುಡುಗರು ಒಬ್ಬರ ಭುಜಕ್ಕೊಬ್ಬರು ಭುಜ ಕೊಟ್ಟು ಸಾಲಾಗಿ ನಿಂತು ನೆಲ ಅದುರುವ ಹಾಗೆ ದಬ್ಕೆ ಕುಣಿದರು. ಸಿನಾನ್ ಸಾಲಿನ ತುದಿಯಲ್ಲಿ ರದ್ದು ಪತ್ರವನ್ನೇ ಕರವಸ್ತ್ರದ ಹಾಗೆ ಬೀಸುತ್ತಿದ್ದ. ಲಮೀಸ್ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಫೋನ್ ಕಿವಿಯಲ್ಲಿತ್ತು. ಆ ಕಡೆ ನನ್ನ ಅಕ್ಕನೂ ಅಳುತ್ತಿರಬೇಕು.

ನನಗೆ ಅಳು ಬರಲಿಲ್ಲ. ಹಸಿವಾಯಿತು. ಒಂದು ವಾರದಿಂದ ಮೊದಲ ಸಲ, ಹೊಟ್ಟೆ ಚುರ್ ಎನ್ನುವ ಹಸಿವು. ಎಳ್ಳಿನ ಬನ್ನು ಮುರಿದು ಬಾಯಿಗಿಟ್ಟುಕೊಂಡೆ. ಸುಹೈರ್ ಬಂದು ನನ್ನ ಕೆನ್ನೆಗೆ ಮುತ್ತಿಟ್ಟು, ನಲವತ್ತೆಂಟು ಹೊಸ ನೇಮಕ ಪತ್ರಗಳನ್ನು ಮುದ್ರಿಸಲು ಓಡಿದರು. ಪಕ್ಕದ ಕೋಣೆಯಿಂದ ಮುದ್ರಣ ಯಂತ್ರದ ಸದ್ದು ಬರತೊಡಗಿತು. ಅದಕ್ಕಿಂತ ಇಂಪಾದ ಸದ್ದನ್ನು ನಾನು ಕೇಳಿಲ್ಲ.

ಒಂದು ಐವತ್ತಾಯಿತು. ತರಬೇತಿ ಕೇಂದ್ರದಿಂದ ಖಚಿತಪಡಿಸಿದ ಉತ್ತರ ಇನ್ನೂ ಬಂದಿರಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಕಾಯುತ್ತಿದ್ದರು. ನಾನು ಫೋನ್ ತೆಗೆದುಕೊಂಡೆ.

ಕೇಂದ್ರದಲ್ಲಿ ಗಂಟೆಗಳ ಪಟ್ಟಿ ನೋಡಿಕೊಳ್ಳುವ ಮನಾರ್ ನನಗೆ ಹಳೆಯ ಪರಿಚಯ. “ನಾನೇ ನಿಮಗೆ ಮಾಡೋಳಿದ್ದೆ, ಅರೀಜ್. ಏನು ನಡೀತಿದೆ ನಿಮ್ಮಲ್ಲಿ?”

“ಯಾಕೆ? ನನ್ನ ಪತ್ರ ಬಂತು ತಾನೆ?”

“ಬಂತು. ನಲವತ್ತೆಂಟೂ ಹೆಸರು ಏರಿಸಿದೆ. ಇನ್ನೇನು ಮೊಹರು ಒತ್ತಬೇಕು, ಅಷ್ಟರಲ್ಲಿ ಫೋನ್ ಬಂತು. ಆ ಪತ್ರ ಲೆಕ್ಕಕ್ಕೆ ತಗೋಬೇಡಿ, ಗಂಟೆಗಳನ್ನ ಬಿಟ್ಟುಕೊಡ್ತಿದ್ದೀವಿ ಅಂತ.”

ಬನ್ನನ್ನು ಕೆಳಗಿಟ್ಟೆ. “ನಿದಾಲ್ ಮಾತು ಇನ್ನು ನಡೆಯಲ್ಲ, ಮನಾರ್. ಅವರನ್ನ—”

“ನಿದಾಲ್ ಅಲ್ಲ. ಕ್ಯಾಪ್ಟನ್ ಫವ್ವಾಝ್.”

ಕೆಳಗೆ ಕೇಕೆ ಇನ್ನೂ ಜೋರಾಯಿತು.

“ನೀವು ತಪ್ಪು ಕೇಳಿಸ್ಕೊಂಡಿರಬೇಕು.”

“ಹದಿನೈದು ವರ್ಷದಿಂದ ಆ ದನಿ ಕೇಳ್ತಿದ್ದೀನಿ. ಹತ್ತು ನಿಮಿಷದ ಹಿಂದೆ ಮಾಡಿದ್ರು. ಹಿಂದೆ ಗಲಾಟೆ ಇತ್ತು, ಹಾರ್ನ್ ಸದ್ದು, ಹೆಂಗಸರ ಕೇಕೆ. ಮದುವೆ ಮನೆಯಲ್ಲಿದ್ದಾರೇನೋ ಅಂದ್ಕೊಂಡೆ.” ಅವಳು ಉಸಿರೆಳೆದುಕೊಂಡಳು. “ನೋಡಿ, ತರಬೇತಿ ವಿಷಯದಲ್ಲಿ ನಿಮ್ಮ ಮುಖ್ಯ ಪೈಲಟ್ ಮಾತೇ ನಮಗೆ ಕೊನೆ ಮಾತು. ಬಾಶಾ ಸಹಿಯಿಂದಲೂ ಆಗಲ್ಲ. ಕ್ಯಾಪ್ಟನ್ ತಾವೇ ಈ ಫೋನಲ್ಲಿ ಬಂದು ‘ಗಂಟೆ ಇರಲಿ’ ಅಂದ್ರೆ ಇಟ್ಕೊಳ್ತೀನಿ. ಇಲ್ಲಾಂದ್ರೆ ಎರಡಕ್ಕೆ ಸರಿಯಾಗಿ ಆ ಕಡೆಯೋರಿಗೆ ಹೋಗುತ್ತೆ. ಅವರ ಮನುಷ್ಯ ಇಲ್ಲೇ ನನ್ನ ಮುಂದೆ ಕೂತಿದ್ದಾನೆ.”

ಗಡಿಯಾರದಲ್ಲಿ ಒಂದು ಐವತ್ತಮೂರು. ಬಾಶಾ ಸಚಿವಾಲಯದ ಒಳಗೆ, ಅಲ್ಲಿನ ನಿಯಮದಂತೆ ಅವರ ಫೋನ್ ಬಾಗಿಲ ಹೊರಗಿನ ಪೆಟ್ಟಿಗೆಯಲ್ಲಿ.

“ಲೈನ್ ಇಡಬೇಡಿ ಮನಾರ್,” ಎಂದೆ. “ನಾನು ಇಳೀತಿದ್ದೀನಿ. ಇಡಬೇಡಿ.”

ಫೋನನ್ನು ಕಿವಿಗೆ ಒತ್ತಿಕೊಂಡೇ ಕಿಟಕಿಗೆ ಬಂದೆ.

ಅಂಗಳದ ನಡುವೆ ಹುಡುಗರು ಕ್ಯಾಪ್ಟನ್ ಫವ್ವಾಝ್ ಅವರನ್ನು ಹೆಗಲ ಮೇಲೆ ಎತ್ತಿಕೊಂಡಿದ್ದರು. ಲಮೀಸ್ ಅವರ ಒಂದು ಕಾಲನ್ನು ಹಿಡಿದುಕೊಂಡಿದ್ದಳು, ಬೀಳದ ಹಾಗೆ. ನಲವತ್ತೆಂಟು ಗಂಟಲುಗಳು ಒಂದೇ ಹೆಸರನ್ನು ಕೂಗುತ್ತಿದ್ದವು.

ಅವರು ತಲೆ ಎತ್ತಿದರು. ಅಷ್ಟು ಜನರ ನಡುವೆಯೂ ನೇರ ನನ್ನ ಕಿಟಕಿಯನ್ನೇ ಹುಡುಕಿ, ನನ್ನ ಕಿವಿಯಲ್ಲಿದ್ದ ಫೋನನ್ನು ನೋಡಿದರು.

ನಗು ಮಾಸಲಿಲ್ಲ. ನಿಧಾನವಾಗಿ ತೋಳು ಮಡಚಿ, ಕೈಗಡಿಯಾರ ನೋಡಿಕೊಂಡರು.